ಒತ್ತಿಲ್ಲದ ಕನ್ನಡ

ಮೂಡಲಪಾಳ್ಯದ ದಾನಮ್ಮ ಟೀಚರಿಗೆ ಒಂದನೇ ತರಗತಿ ಬಿಟ್ಟು ಬೇರೆ ಯಾವ ತರಗತಿ ಕೊಟ್ಟರೂ ಮುಖ ಸಪ್ಪಗಾಗುತ್ತಿತ್ತು. ಗುಳೇದಗುಡ್ಡದಿಂದ ಮದುವೆಯಾಗಿ ಬೆಂಗಳೂರಿಗೆ ಬಂದ ಎರಡನೇ ವರ್ಷವೇ ವಿಜಯನಗರದ ಒಂದು ಅನುದಾನಿತ ಕನ್ನಡ ಶಾಲೆಗೆ ಸೇರಿದವಳು, ಇಪ್ಪತ್ತೆಂಟು ವರ್ಷ ಅದೇ ಮೂಲೆಯ ಕೋಣೆಯಲ್ಲಿ ಅ ಆ ಇ ಈ ತಿದ್ದಿಸಿದಳು. ಮೇಲಿನ ತರಗತಿಯ ಮೇಷ್ಟ್ರುಗಳು ಅವಳನ್ನು ಅಷ್ಟೇನೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಒಂದನೇ ಕ್ಲಾಸಿಗೆ ಪಾಠ ಮಾಡಲು ಏನು ಮಹಾ ಬೇಕು ಎಂಬುದು ಅವರ ಎಣಿಕೆ.

ಆದರೆ ಅವಳ ಹತ್ತಿರ ಒಂದು ವಿದ್ಯೆ ಇತ್ತು. ಮಕ್ಕಳಿಗೆ ಮೊದಲು ಅಕ್ಷರ, ಆಮೇಲೆ ಕಾಗುಣಿತ, ದಸರೆ ರಜೆ ಮುಗಿದ ಮೇಲೆ ಒತ್ತಕ್ಷರ. ಕಾಗುಣಿತ ಬಂದು ಒತ್ತು ಬಾರದಿರುವ ಆ ನಡುವಿನ ತಿಂಗಳುಗಳಲ್ಲಿ ಮಕ್ಕಳಿಗೆ ಓದುವ ಹಸಿವು ಜೋರು, ಓದಲು ಸರಕಿಲ್ಲ. ಪುಸ್ತಕದಲ್ಲಿರುವ ಬಸವ, ಕಮಲ, ಗಿಳಿ ಎರಡು ದಿನಕ್ಕೆ ಮುಗಿದುಹೋಗುತ್ತವೆ. ಆದ್ದರಿಂದ ದಾನಮ್ಮ ತಾನೇ ಒತ್ತಿಲ್ಲದ ಕತೆಗಳನ್ನು ಕಟ್ಟಿ ದಿನಕ್ಕೊಂದು ಬೋರ್ಡಿನ ಮೇಲೆ ಬರೆಯುತ್ತಿದ್ದಳು. ನರಿ ಬಂತು, ಕೆರೆಗೆ ಇಳಿಯಿತು, ಮೀನು ಅಡಗಿತು. ಸಂಜೆ ಗಂಟೆ ಹೊಡೆದ ಮೇಲೆ ಒರೆಸಿಬಿಡುತ್ತಿದ್ದಳು. ಅವುಗಳನ್ನು ಎತ್ತಿಟ್ಟುಕೊಳ್ಳಬೇಕೆಂದು ಅವಳಿಗೆಂದೂ ಅನ್ನಿಸಿರಲಿಲ್ಲ.

ಮಗಳು ಮದುವೆಯಾಗಿ ಗದಗಿಗೆ ಹೋದ ಮೇಲೆ ಮಹಡಿಯ ಮೇಲಿನ ಕೋಣೆ ಖಾಲಿ ಬಿತ್ತು. ಅಲ್ಲಿಗೆ ಬಾಡಿಗೆಗೆ ಬಂದವನು ಉದಯಕುಮಾರ. ಇಪ್ಪತ್ತೇಳರ ಹರೆಯ, ರಾಜಾಜಿನಗರದಲ್ಲೇ ಹುಟ್ಟಿ ಬೆಳೆದವನು, ವಿಜಯನಗರದ ಅಂಗಡಿಯೊಂದರಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಮಾತು ಕಡಿಮೆ, ಸದ್ದಿಲ್ಲದ ನಡೆ. ಅವನ ಕೋಣೆಯಲ್ಲಿ ಒಂದು ಟ್ರಂಕಿನ ತುಂಬ ಕೈಯಲ್ಲಿ ಹಿಡಿದು ಆಡುವ ಹಳೆಯ ವಿಡಿಯೋ ಗೇಮುಗಳಿದ್ದವು. ಎಲ್ಲರಿಗೂ ಗೊತ್ತಿರುವಂಥವಲ್ಲ. ಜಪಾನಿನಲ್ಲಷ್ಟೇ ಮಾರಾಟವಾಗಿ ಅಲ್ಲೇ ಮೂಲೆಗೆ ಸೇರಿದಂಥವು. ಅವನ್ನು ಅವನು ಎಲ್ಲೆಲ್ಲಿಂದಲೋ ತರಿಸಿಕೊಂಡಿದ್ದ.

ಎರಡು ಸಾವಿರದ ನಾಲ್ಕರ ಡಿಸೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ದಾನಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಉದಯಕುಮಾರ ಮೆಟ್ಟಿಲಿಳಿದು ಬಂದು ಕಂಬಕ್ಕೆ ಒರಗಿ ನಿಂತ.

"ಆಂಟಿ, ಒಂದು ಕೇಳ್ಲಾ? 'ನನಗೆ ಗೊತ್ತಿಲ್ಲ' ಅನ್ನೋದನ್ನ ಒತ್ತಕ್ಷರ ಇಲ್ದೇ ಹೇಳಕ್ಕಾಗತ್ತಾ?"

ದಾನಮ್ಮ ತಲೆ ಎತ್ತದೆ ಹೇಳಿದಳು. "ಅರಿಯೆ."

"ನಿಮಗೂ ಗೊತ್ತಿಲ್ವಾ?"

"ಅದ ಉತ್ತರ ತಮ್ಮಾ. ಅರಿಯೆ. ಅಂದ್ರ ಗೊತ್ತಿಲ್ಲ ಅಂತ."

ಅವನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಮೂರು ತಿಂಗಳಿಂದ ತಲೆ ಕೆಡಿಸಿಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟ. ಹೊರದೇಶಗಳಲ್ಲಿ ಇಂಥ ಗೇಮುಗಳ ಹುಚ್ಚರಿದ್ದಾರೆ. ಕಂಪನಿ ಕೈಬಿಟ್ಟ ಜಪಾನೀ ಆಟಗಳ ಹೊಟ್ಟೆ ಬಗೆದು, ಒಳಗಿನ ಮಾತನ್ನೆಲ್ಲ ತೆಗೆದು, ಇಂಗ್ಲಿಷ್ ಮಾತು ತುಂಬಿಸಿ ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಹಂಚುತ್ತಾರೆ. ದುಡ್ಡಿಗಲ್ಲ, ಪ್ರೀತಿಗೆ. ಹಾಗೆ ಇಂಗ್ಲಿಷಿಗೆ ಬಂದ ಒಂದು ಆಟ ಇವನ ಎದೆಗೆ ನಾಟಿತ್ತು. ಅದನ್ನು ಕನ್ನಡಕ್ಕೆ ತರಬೇಕು. ಯಾರೂ ಹಾಗೆ ಮಾಡಿದ್ದನ್ನು ಅವನು ಕೇಳಿರಲಿಲ್ಲ. ಆದರೆ ಆ ಯಂತ್ರದಲ್ಲಿ ಅಕ್ಷರಗಳಿಗೆ ಇರುವುದು ಇನ್ನೂರೈವತ್ತಾರೇ ಮನೆ. ಒಂದೊಂದು ಮನೆಯೂ ಎಳ್ಳುಕಾಳಿನಷ್ಟು. ಬಳಕೆಯ ಕಾಗುಣಿತವನ್ನಷ್ಟೇ ಹಾಕುವಷ್ಟರಲ್ಲಿ ಮನೆಗಳೆಲ್ಲ ತುಂಬಿದವು. ಅಕ್ಷರದ ಕೆಳಗೆ ಒತ್ತು ಹಾಕೋಣವೆಂದರೆ ಕೆಳಗಿನ ಸಾಲು ಮೇಲಿನ ಸಾಲಿಗೆ ತಲೆ ತಾಗಿಸಿಕೊಂಡು ನಿಂತಿದೆ.

"ಒತ್ತಿಲ್ದೇ ಕನ್ನಡ ಬರಿಯಕ್ಕೇ ಆಗಲ್ಲ ಆಂಟಿ. ಬಿಟ್ಟುಬಿಡೋಣ ಅಂತಿದ್ದೆ."

"ಯಾಕ ಆಗಂಗಿಲ್ಲ?" ಎಂದಳು ದಾನಮ್ಮ. "ಇಪ್ಪತ್ತಾರು ವರ್ಷದಿಂದ ನಾ ಮತ್ತೇನ ಕಲಿಸಾಕತ್ತೀನಿ?"

ಅಂದಿನಿಂದ ಭಾನುವಾರದ ಬೆಳಗು ಅವರಿಬ್ಬರ ಪಾಲಾಯಿತು. ಊಟದ ಮೇಜಿನ ಮೇಲೆ ಉದಯಕುಮಾರ ಇಂಗ್ಲಿಷ್ ಮಾತುಗಳ ಕಟ್ಟು ಹರಡುತ್ತಿದ್ದ. ಒಂದೊಂದನ್ನೂ ಓದಿ, ತನ್ನ ಅರ್ಧಂಬರ್ಧ ಕನ್ನಡದಲ್ಲಿ ಏನೆಂದು ವಿವರಿಸುತ್ತಿದ್ದ. ಯಾರು, ಯಾರಿಗೆ, ಯಾವ ಹೊತ್ತಲ್ಲಿ, ಯಾವ ದನಿಯಲ್ಲಿ ಹೇಳುತ್ತಾರೆ ಎಂದು ದಾನಮ್ಮ ಬಿಡದೆ ಕೇಳುತ್ತಿದ್ದಳು. ಆಮೇಲೆ ವಾರವಿಡೀ ಬಿಡುವಾದಾಗಲೆಲ್ಲ ಬರೆಯುತ್ತಿದ್ದಳು. ಒಂದು ಸಾಲಿಗೆ ಹನ್ನೆರಡು ಅಕ್ಷರ ಮೀರಬಾರದು, ಒಂದು ಪರದೆಗೆ ಮೂರು ಸಾಲು. ಅದಕ್ಕೆಂದು ಅವಳು ಮಕ್ಕಳು ಲೆಕ್ಕಕ್ಕೆ ಬಳಸುವ ಚೌಕುಳಿ ನೋಟ್‌ಬುಕ್ ತಂದಳು. ಚೌಕಕ್ಕೊಂದು ಅಕ್ಷರ.

ಆಟದ ಕತೆ ಇಷ್ಟೆ. ಕಡಲ ನಡುವೆ ಒಂದು ದ್ವೀಪ, ಅಲ್ಲಿ ಒಬ್ಬಳು ಹುಡುಗಿ. ದಂಡೆಗೆ ತೇಲಿ ಬರುವ ಸೀಸೆಗಳಲ್ಲಿ ಮುಳುಗಿ ಸತ್ತ ಬೆಸ್ತರ ಕೊನೆಯ ಮಾತುಗಳಿರುತ್ತವೆ. ಅವನ್ನು ಅವರವರ ಮನೆಗೆ ಮುಟ್ಟಿಸುವುದು ಅವಳ ಕೆಲಸ. ಹೊಡೆದಾಟವಿಲ್ಲ, ಓಟವಿಲ್ಲ. ಮನೆ ಮನೆಯ ಬಾಗಿಲು ಬಡಿಯುವುದು, ಓದಿ ಹೇಳುವುದು, ಅವರು ಆಡುವ ಮಾತನ್ನು ಕೇಳಿಸಿಕೊಳ್ಳುವುದು. ಆಟದ ತುಂಬ ಮಾತೇ ಮಾತು.

ದ್ವೀಪ ಎನ್ನುವಂತಿರಲಿಲ್ಲ, ನಡುಗಡ್ಡೆ ಎನ್ನುವಂತೆಯೂ ಇರಲಿಲ್ಲ. ದಾನಮ್ಮ ನಿಘಂಟು ತಿರುವಿ 'ಕುರುವ' ಎಂಬ ಹಳೆಯ ಮಾತನ್ನು ಎಬ್ಬಿಸಿದಳು. ಸಮುದ್ರ ಹೋಗಿ ಕಡಲು ಬಂತು, ಕತ್ತಲೆ ಹೋಗಿ ಇರುಳು ಬಂತು. ಎಲ್ಲಿ ಎನ್ನುವುದು ಯಾವ ಕಡೆ ಆಯಿತು. ಬರುತ್ತೇನೆ ಎನ್ನುವವರೆಲ್ಲ ಬರುವೆ ಎಂದರು. ಎಲ್ಲಕ್ಕಿಂತ ಕಾಡಿದ್ದು 'ಇಲ್ಲ' ಎಂಬುದು. ಇಲ್ಲ ಎನ್ನದೆ ಒಂದು ಊರಿನವರು ದಿನ ಕಳೆಯುವುದು ಹೇಗೆ? ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದ ವಚನಗಳು ಆಗ ಕೈಹಿಡಿದವು. ಕಾಣೆ, ಅರಿಯೆ, ಬಾರದು, ಆಗದು, ಬಾರನು. ಇಲ್ಲ ಎನ್ನದೆಯೇ ಇಲ್ಲವೆಂದ ಜನ ಕನ್ನಡದಲ್ಲಿ ಸಾವಿರ ವರ್ಷದಿಂದ ಇದ್ದರು. ತರಕಾರಿ ಕೊಳ್ಳುವಾಗಲೂ, ಬಸ್ಸಿನಲ್ಲಿ ನಿಂತಾಗಲೂ ಅವಳ ತಲೆ ಒತ್ತುಗಳನ್ನು ಸೋಸುತ್ತಲೇ ಇರುತ್ತಿತ್ತು. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಒರೆಸಿದ್ದೆಲ್ಲ ಇದಕ್ಕಾಗಿಯೇ ಇತ್ತೇನೋ ಎಂದು ಅವಳಿಗೆ ಅನ್ನಿಸತೊಡಗಿತು.

ಒಂದು ಜಾಗದಲ್ಲಿ ಮಾತ್ರ ಮೂರು ವಾರ ನಿಂತುಹೋದಳು. ಇಪ್ಪತ್ತು ವರ್ಷದ ಬೆಸ್ತ ಹುಡುಗನೊಬ್ಬ ತಾಯಿಗೆ ಬರೆದ ಓಲೆ. ಅದು ಶುರುವಾಗುವುದೇ 'ಅಮ್ಮಾ' ಎಂದು. ಅಮ್ಮನಿಗೆ ಒತ್ತು. ಅವ್ವನಿಗೂ ಒತ್ತು. ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಯಾರನ್ನು ಕರೆಯಹೋದರೂ ಒತ್ತು. 'ತಾಯಿ' ಎಂದರೆ ಬಾಗಿಲಲ್ಲಿ ನಿಂತು ಬೇಡುವವನ ದನಿ ಬರುತ್ತದೆ. 'ಮಾತೆ' ಎಂದರೆ ಬೆಸ್ತರ ಹುಡುಗ ನಾಟಕ ಆಡಿದ ಹಾಗಾಗುತ್ತದೆ.

"ತಾಯಿ ಅಂತಲೇ ಹಾಕಿ ಆಂಟಿ, ಸಾಕು. ಯಾರ್ ನೋಡ್ತಾರೆ" ಎಂದ ಉದಯಕುಮಾರ.

"ನಾ ನೋಡ್ತೀನಲ್ಲ."

ಗಂಡ ಸಿದ್ದಬಸಪ್ಪ ಸರ್ಕಾರಿ ಕಚೇರಿಯಿಂದ ನಿವೃತ್ತನಾಗಿ ಹಜಾರದಲ್ಲಿ ಟೀವಿ ನೋಡುತ್ತಿರುತ್ತಿದ್ದ. ಅಡುಗೆ ತಡವಾದ ಭಾನುವಾರಗಳಲ್ಲಿ ಅಲ್ಲಿಂದಲೇ ಕೂಗುತ್ತಿದ್ದ. "ಆಟದ ಸಾಮಾನಕ್ಕ ಅಕ್ಷರಾ ಬರಿಯೂದು ಮುಗೀತೋ, ಇನ್ನೂ ಐತೋ? ಹುಡುಗೂರಂಗ ಆತಲ್ಲ ನಿಂದು."

ಅಮ್ಮನಿಗೆ ಬದಲಿ ಮಾತು ಅವಳಿಗೆ ಸಿಕ್ಕಿದ್ದು ಗುಳೇದಗುಡ್ಡಕ್ಕೆ ಹೋದಾಗ. ದೊಡ್ಡಮ್ಮ ತೀರಿಹೋಗಿದ್ದಳು. ಅಂಗಳದಲ್ಲಿ ಕೂತು ಅಳುತ್ತಿದ್ದ ಅವಳ ಮಗ, ಅರವತ್ತು ದಾಟಿದವನು, "ನನ್ನ ಹಡೆದವಳ, ಹಡೆದವಳ" ಎಂದು ನೆಲ ಬಡಿಯುತ್ತಿದ್ದ. ದಾನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಅಕ್ಷರ ಎಣಿಸಿದಳು. ಐದು. ಒತ್ತಿಲ್ಲ. ಸಾವಿನ ಮನೆಯಲ್ಲಿ ಹೀಗೆ ಎಣಿಸಿದೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು. ಆದರೂ ಬಸ್ಸಿನಲ್ಲಿ ವಾಪಸು ಬರುವಾಗ ನೋಟ್‌ಬುಕ್ ತೆಗೆದು ಬರೆದಳು.

ಹಡೆದವಳೇ
ಕಡಲು ಕರೆಯಿತು ಹೋದೆ
ಬಾಗಿಲು ಹಾಕಿಕೋ

ಉದಯಕುಮಾರ ಅದನ್ನು ಎರಡು ಸಲ ಓದಿದ. "ಇಂಗ್ಲಿಷ್‌ನಲ್ಲಿ ಇಷ್ಟು ಚೆನ್ನಾಗಿಲ್ಲ ಆಂಟಿ" ಎಂದ. ದಾನಮ್ಮನಿಗೆ ಯಾರಾದರೂ ಹಾಗೆ ಹೇಳಿ ಎಷ್ಟು ವರ್ಷವಾಗಿತ್ತೋ. ಅಂದು ಅವನಿಗೆ ಊಟಕ್ಕೆ ಹೋಳಿಗೆ ಮಾಡಿ ಬಡಿಸಿದಳು.

ಏಳು ನೋಟ್‌ಬುಕ್ ತುಂಬಿದವು. ಎರಡು ಸಾವಿರದ ಆರರ ಫೆಬ್ರವರಿಯಲ್ಲಿ ಆಟ ಕನ್ನಡದಲ್ಲಿ ಮೊದಲಿಂದ ಕೊನೆಯವರೆಗೆ ಓಡಿತು.

ಅಷ್ಟರಲ್ಲಿ ಶಾಲೆಯಲ್ಲಿ ಬೇರೆಯೇ ಸುದ್ದಿ. ಮುಖ್ಯೋಪಾಧ್ಯಾಯಿನಿ ಗಂಗಲಕ್ಷ್ಮಮ್ಮ ಕರೆದು ಹೇಳಿದರು. "ದಾನಮ್ಮೋರೇ, ಜೂನ್‌ನಿಂದ ಕನ್ನಡ ಮೀಡಿಯಮ್ ಇರಲ್ಲ. ಒಂದನೇ ಕ್ಲಾಸಿಗೆ ಈ ಸಲ ನಾಕೇ ಅರ್ಜಿ ಬಂದಿರೋದು. ಕಮಿಟಿಯೋರು ಪೂರ್ತಿ ಇಂಗ್ಲಿಷ್ ಮಾಡ್ತಾರೆ. ನಿಮಗೆ ಕನ್ನಡ ಸೆಕೆಂಡ್ ಲ್ಯಾಂಗ್ವೇಜು, ದಿನಕ್ಕೆ ಒಂದೋ ಎರಡೋ ಪೀರಿಯಡ್ಡು. ಬೇಜಾರ್ ಮಾಡ್ಕೋಬೇಡಿ."

ದಾನಮ್ಮ ಬೇಸರ ಮಾಡಿಕೊಳ್ಳಲಿಲ್ಲ, ಅಥವಾ ಅದಕ್ಕೆ ಪುರುಸೊತ್ತಾಗಲಿಲ್ಲ. ಉಳಿದ ಒಂದು ತಿಂಗಳಲ್ಲಿ ತನ್ನ ಕೊನೆಯ ಮಕ್ಕಳಿಗೆ ಈ ಆಟ ತೋರಿಸಬೇಕು ಎಂಬುದೊಂದೇ ಹಟ. ಬೋರ್ಡಿನ ಮೇಲಿನ ನರಿಯ ಕತೆಗಿಂತ ಇದು ಎಷ್ಟು ದೊಡ್ಡದು! ಉದಯಕುಮಾರನಿಂದ ಯಂತ್ರವನ್ನೂ ಆಟ ತುಂಬಿದ ಕ್ಯಾಸೆಟ್ಟನ್ನೂ ಇಸಿದುಕೊಂಡು, ಕರವಸ್ತ್ರದಲ್ಲಿ ಸುತ್ತಿ, ಒಂದು ಶನಿವಾರ ಶಾಲೆಗೆ ಒಯ್ದಳು. ಒಂದನೆಯದು ಎರಡನೆಯದು ಕೂಡಿಸಿ ಹದಿಮೂರು ಮಕ್ಕಳು. ಹೆಚ್ಚಿನವರು ಕಟ್ಟಡ ಕೆಲಸದವರ, ಫ್ಯಾಕ್ಟರಿಗೆ ಹೋಗುವವರ ಮಕ್ಕಳು. ಎಲ್ಲರೂ ಅವಳ ಸುತ್ತ ಮುಗಿಬಿದ್ದರು.

ಮೊದಲು ಯಂತ್ರ ಹೋದದ್ದು ಪುಟ್ಟಲಕ್ಷ್ಮಿಯ ಕೈಗೆ. ಎರಡನೇ ತರಗತಿಯ ಚೂಟಿ ಹುಡುಗಿ, ಚೆನ್ನಾಗಿ ಓದುವವಳು. ಪರದೆಯ ಮೇಲೆ ಮಾತು ಮೂಡಿತು. ಅವಳ ಹೆಬ್ಬೆರಳು ಗುಂಡಿ ಒತ್ತಿತು. ಮುಂದಿನ ಮಾತು. ಗುಂಡಿ. ಮುಂದಿನದು. ಗುಂಡಿ.

"ಓದವ್ವಾ, ಓದು. ಏನ ಬರದೈತಿ ಅದರಾಗ?"

"ಮಾತು ಮಿಸ್. ಬರೀ ಮಾತು. ಯಾವಾಗ ಮಿಸ್ ಹೊಡೆಯೋದು?"

"ಹೊಡೆಯೂದಿಲ್ಲ ಇದರಾಗ. ಓದಬೇಕು."

"ಹುಲಿ ಬರಲ್ವಾ?" ಎಂದು ಹಿಂದಿನಿಂದ ಇನ್ನೊಂದು ದನಿ. "ಏಯ್, ಬೇಗ ಒತ್ತೇ, ಮುಂದೆ ಬರತ್ತೆ!"

ಟಕ್ ಟಕ್ ಟಕ್ ಎಂದು ಗುಂಡಿ ಬಡಿಯತೊಡಗಿತು. ದಾನಮ್ಮನ ಕಣ್ಣೆದುರೇ ಕುರುವದ ಮನೆಗಳು, ಮುದುಕರು, ವಿಧವೆಯರು ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಮಾಯವಾದರು. ಒಂದೊಂದಕ್ಕೂ ಅವಳು ಒಂದೊಂದು ಸಂಜೆ ಕಳೆದಿದ್ದಳು. ಬೆಸ್ತ ಹುಡುಗನ ಸೀಸೆ ಬಂತು. ಹಡೆದವಳೇ. ಟಕ್.

"ನಿಂದ್ರ! ಓದು ಅದನ್ನ!"

"ಮುಗೀತು ಮಿಸ್ ಅದು" ಎಂದು ನಕ್ಕಳು ಪುಟ್ಟಲಕ್ಷ್ಮಿ.

ದಾನಮ್ಮನ ಕೈ ಎದ್ದದ್ದು ಅವಳಿಗೇ ತಿಳಿಯಲಿಲ್ಲ. ಹುಡುಗಿಯ ಕೆನ್ನೆಗೆ ಬಿತ್ತು. ಬೆತ್ತವನ್ನು ಬೋರ್ಡು ತೋರಿಸಲು ಮಾತ್ರ ಹಿಡಿದವಳು, ಇಪ್ಪತ್ತೆಂಟು ವರ್ಷದಲ್ಲಿ ಒಂದು ಮಗುವಿನ ಮುಖಕ್ಕೆ ಕೈ ಮಾಡಿರಲಿಲ್ಲ. ಪುಟ್ಟಲಕ್ಷ್ಮಿ ಅಳಲಿಲ್ಲ. ಯಂತ್ರವನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು, ಕೈ ಹಿಂದೆ ಕಟ್ಟಿಕೊಂಡು ನಿಂತಳು.

ಸೋಮವಾರ ಹುಡುಗಿ ಬರಲಿಲ್ಲ. ಬುಧವಾರ ದಾನಮ್ಮ ಬಿಸ್ಕತ್ತು ಕಟ್ಟಿಸಿಕೊಂಡು ಅವರಿದ್ದ ಶೆಡ್ಡಿಗೆ ಹುಡುಕಿಕೊಂಡು ಹೋದಳು. ಕಟ್ಟಡ ಮುಗಿದಿತ್ತು, ಬೇರೆ ಕಡೆ ಕೆಲಸ ಸಿಕ್ಕಿತೆಂದು ಅವರು ಹೊರಟುಹೋಗಿದ್ದರು. ಎಲ್ಲಿಗೆ ಎಂದು ಕಾವಲುಗಾರನಿಗೆ ಗೊತ್ತಿರಲಿಲ್ಲ. ಹೊಡೆತಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಬಿಸ್ಕತ್ತನ್ನು ಕಾವಲುಗಾರನ ಕೈಗಿಟ್ಟು ವಾಪಸು ಬಂದಳು. ಈ ವಿಷಯ ಅವಳು ಯಾರಿಗೂ ಹೇಳಲಿಲ್ಲ. ಯಂತ್ರ ಮರಳಿ ಕೊಡುವಾಗ ಉದಯಕುಮಾರ "ಮಕ್ಕಳಿಗೆ ಇಷ್ಟ ಆಯ್ತಾ ಆಂಟಿ?" ಎಂದು ಕೇಳಿದ್ದಕ್ಕೆ "ಆತು" ಎಂದಷ್ಟೇ ಹೇಳಿದಳು.

ಆ ವರ್ಷ ನಾಡಿಗೆ ಐವತ್ತು ತುಂಬಿತ್ತು. ಅಕ್ಟೋಬರ್ ಕೊನೆಯ ಭಾನುವಾರ ಸಿದ್ದಬಸಪ್ಪ ಪೇಪರ್ ಹಿಡಿದುಕೊಂಡು ಅಡುಗೆಮನೆಗೇ ಬಂದ. ಅವನು ಹಾಗೆ ಬರುವವನಲ್ಲ.

"ಕೇಳಿಲ್ಲೆ, ನಮ್ಮ ಮ್ಯಾಲಿನ ಹುಡುಗನ ಫೋಟೋ ಬಂದೈತಿ!" ಪುರವಣಿಯ ಅರ್ಧ ಪುಟ. ಗಟ್ಟಿಯಾಗಿ ಓದಿದ. ಕನ್ನಡ ಮಾತಾಡುವ ವಿಡಿಯೋ ಗೇಮ್. ಮೂಡಲಪಾಳ್ಯದ ಯುವಕನ ಏಕಾಂಗಿ ಸಾಹಸ. ಒತ್ತಕ್ಷರವೇ ಇಲ್ಲದ ಕನ್ನಡವನ್ನು ಕಂಡುಹಿಡಿದ ಬಗೆ. ಕೊನೆಯಲ್ಲಿ ಒಂದು ಸಾಲು: ಕಾಗುಣಿತ ತಿದ್ದಿಕೊಟ್ಟ ಮನೆಯ ಮಾಲೀಕರಿಗೂ ಉದಯಕುಮಾರ್ ಋಣಿ.

"ಮನೀ ಮಾಲೀಕರು ಅಂದ್ರ ನಾನಲ್ಲ?" ಎಂದು ಸಿದ್ದಬಸಪ್ಪ ನಕ್ಕ.

ದಾನಮ್ಮ ಒಲೆ ಆರಿಸಿ ಮಹಡಿ ಹತ್ತಿದಳು. ಉದಯಕುಮಾರ ಬಾಗಿಲಲ್ಲೇ ಎದ್ದು ನಿಂತ. ಅವನ ಕೈಯಲ್ಲೂ ಅದೇ ಪೇಪರ್ ಇತ್ತು.

"ಆಟದ ಕೊನೀಗೆ ಹೆಸರು ಬರ್ತಾವಂದಿದ್ದಿ. ಅದರಾಗರೆ ನಂದು ಐತೋ ಇಲ್ಲೋ?"

ಅವನು ನೆಲ ನೋಡಿದ. "ಆಂಟಿ, ಫಾಂಟಲ್ಲಿ ಒತ್ತಿಲ್ಲ. ದಾನಮ್ಮ ಅನ್ನೋದು ಬರಲ್ಲ. 'ದಾನಮ' ಅಂತ ಹಾಕಿದ್ರೆ ನಿಮಗೆ ಅವಮಾನ ಮಾಡ್ದಂಗೆ ಆಗತ್ತೆ ಅಂತ..."

"ನಿನ್ನ ಹೆಸರು?"

"ಉದಯಕುಮಾರ. ಅದಕ್ಕೆ ಒತ್ತು ಬೇಕಾಗಿಲ್ಲ."

"ನಾಕು ಸಾವಿರ ಮಾತಿಗೆ ದಾರಿ ಹುಡುಕಿ ಕೊಟ್ಟೀನಿ. ನನ್ನ ಹೆಸರಿಗೊಂದು ದಾರಿ ಕೇಳಾಕ ನಿನಗ ಬಾಯಿ ಬರಲಿಲ್ಲ? ಇರಲಿ. ಪೇಪರ್‌ನವರ ಕಡೆ ಒತ್ತು ಇರಲಿಲ್ಲೇನು?"

ಅವನು ಕೈಯಲ್ಲಿದ್ದ ಪೇಪರ್ ಮಡಚಿದ. "ಒಬ್ನೇ ಮಾಡಿದ್ದಾ ಅಂತ ಕೇಳಿದ್ರು. ಹೂಂ ಅಂದ್ಬಿಟ್ಟೆ ಆಂಟಿ. ಆಮೇಲೆ ಹೇಗೆ ತಿದ್ದೋದು ಅಂತ ಗೊತ್ತಾಗ್ಲಿಲ್ಲ."

ಅವನು ಕೆಟ್ಟವನಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು.

ಕೆಳಗೆ ಬಂದು ಗಂಡನಿಗೆ ಹೇಳಿದಳು. ಸಿದ್ದಬಸಪ್ಪನಿಗೆ ಅರ್ಥವಾಗಲಿಲ್ಲ. "ನಿನ್ನ ಹೆಸರು ಯಾಕ ಬರಬೇಕು? ಮಷೀನು ಅಂವಂದು, ಕಂಪ್ಯೂಟರ್ ಕೆಲಸ ಅಂವಂದು. ನೀ ಏನ ಮಾಡಿದಿ, ನಾಕು ಶಬ್ದಾ ಹೇಳಿಕೊಟ್ಟಿ. ದೊಡ್ಡ ಮನಸ್ಸು ಮಾಡಬೇಕು."

ಮರುದಿನವೇ ಬಡಾವಣೆಯ ಕನ್ನಡ ಸಂಘದ ವೆಂಕಟಸ್ವಾಮಿ ಮನೆಗೆ ಬಂದ. ರಾಜ್ಯೋತ್ಸವಕ್ಕೆ ಉದಯಕುಮಾರನಿಗೆ ಸನ್ಮಾನ. "ಪರಿಚಯ ಭಾಷಣ ನೀವೇ ಮಾಡ್ಬೇಕು ಮೇಡಂ. ನಿಮ್ಮನೆ ಹುಡುಗ. ಅದೂ ಅಲ್ದೆ ಕನ್ನಡ ಟೀಚರು ನೀವು." ದಾನಮ್ಮ ಬಾಯಿ ತೆರೆಯುವ ಮೊದಲೇ ಸಿದ್ದಬಸಪ್ಪ "ಮಾಡ್ತಾಳ ಬಿಡ್ರಿ" ಎಂದುಬಿಟ್ಟ.

ನವೆಂಬರ್ ಒಂದರ ಸಂಜೆ, ಬಸ್ ನಿಲ್ದಾಣದ ಪಕ್ಕ ಶಾಮಿಯಾನ. ಹಳದಿ ಕೆಂಪು ಬಾವುಟ, ಪ್ಲಾಸ್ಟಿಕ್ ಕುರ್ಚಿ, ಗಂಟಲು ಹರಿಯುವ ಮೈಕು. ವೇದಿಕೆಯ ಮೇಲೆ ಉದಯಕುಮಾರ ಹೊಸ ಬಿಳಿ ಅಂಗಿ ತೊಟ್ಟು ಬೆವರುತ್ತಿದ್ದ. ದಾನಮ್ಮ ಹಿಂದಿನ ದಿನ ಸಂಜೆ ಚೌಕುಳಿ ಹಾಳೆಯೊಂದರಲ್ಲಿ ಮಾತು ಬರೆದುಕೊಂಡಿದ್ದಳು. ಮೈಕಿನ ಮುಂದೆ ನಿಂತು ಓದಿದಳು.

"ಹಿರಿಯರೇ, ಗೆಳೆಯರೇ. ಈ ಯುವಕನ ಹೆಸರು ಉದಯಕುಮಾರ. ಕೈಯೊಳಗೆ ಹಿಡಿದು ಆಡುವ ಆಟದೊಳಗೆ ಈ ನಾಡಿನ ನುಡಿ ಕೂಡಿಸಿದವನು. ಆ ಆಟದ ತುಂಬ ಮಾತು. ಆ ಮಾತು ಯಾರದು ಎಂದು ಯಾರೂ ಕೇಳರು. ನಾನೂ ಹೇಳೆನು. ಇವನಿಗೆ ಶಾಲು ಹೊದಿಸಲು ಹಿರಿಯರು ಬರಬೇಕು."

ಚಪ್ಪಾಳೆ ಬಿತ್ತು. ಯಾರಿಗೂ ಏನೂ ಅನ್ನಿಸಲಿಲ್ಲ. ಆ ಶಾಮಿಯಾನದಲ್ಲಿ ಒಬ್ಬನಿಗೆ ಮಾತ್ರ ಅನ್ನಿಸಿತು. ಎರಡನೇ ಸಾಲಿಗೇ ಉದಯಕುಮಾರ ತಲೆ ತಗ್ಗಿಸಿದವನು ಶಾಲು ಹೊದಿಸುವಾಗಲೂ ಎತ್ತಲಿಲ್ಲ. ಪಕ್ಕದವರು ಅದನ್ನು ವಿನಯವೆಂದುಕೊಂಡರು.

ಕೆಳಗಿಳಿದಾಗ ವೆಂಕಟಸ್ವಾಮಿ ಬಳಿ ಬಂದ. "ಚೆನ್ನಾಗಿತ್ತು ಮೇಡಂ, ಚಿಕ್ಕದಾಗಿ. ಆದ್ರೆ ರಾಜ್ಯೋತ್ಸವದ ದಿನ ಒಂದ್ಸಲಾನೂ ಕನ್ನಡ ಅಂತ ಅನ್ಲೇ ಇಲ್ವಲ್ಲ ನೀವು!"

"ಆ ಮಾತಿಗೂ ಒತ್ತು ಐತಿ" ಎಂದಳು ದಾನಮ್ಮ. ಅವನು ಏನೂ ತಿಳಿಯದೆ ನಕ್ಕ.

ತಿಂಗಳೊಪ್ಪತ್ತಿನಲ್ಲಿ ಉದಯಕುಮಾರ ಕೋಣೆ ಬಿಟ್ಟು ಕೆಂಗೇರಿಗೆ ಹೋದ. ಅಂಗಡಿಗೆ ದೂರವಾಗುವ ಊರಿಗೆ ಯಾಕೆ ಹೋಗುತ್ತಾನೆಂದು ಸಿದ್ದಬಸಪ್ಪನಿಗೆ ಬಗೆಹರಿಯಲಿಲ್ಲ. ದಾನಮ್ಮ ಇಂಗ್ಲಿಷ್ ಮೀಡಿಯಮ್ಮಿನ ಮಕ್ಕಳಿಗೆ ದಿನಕ್ಕೊಂದು ಪೀರಿಯಡ್ ಕನ್ನಡ ಹೇಳತೊಡಗಿದಳು. ಉಳಿದ ಹೊತ್ತು ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕಗಳಿಗೆ ಗೆರೆ ಎಳೆಯುವುದು.

ಒಮ್ಮೆ, ಎರಡು ಸಾವಿರದ ಏಳರಲ್ಲಿ, ತಾನಾಗಿಯೇ ಒಂದು ಸೈಬರ್ ಸೆಂಟರಿಗೆ ಹೋಗಿ, ಅಲ್ಲಿದ್ದ ಹುಡುಗಿಗೆ ಆಟದ ಹೆಸರು ಹೇಳಿ ಹುಡುಕಿಸಿದಳು. ಜನ ಬರೆದದ್ದನ್ನು ಆ ಹುಡುಗಿ ಓದಿ ಹೇಳಿದಳು. ಶಹಭಾಸ್ ಎಂದವರು ಹಲವರು. ಭಾಷೆ ಮಾತ್ರ ಒಂದನೇ ಕ್ಲಾಸಿಂದು ಎಂದವರು ಹಲವರು. 'ಹಡೆದವಳೇ' ಅನ್ನೋದು ಬೈಗುಳ ಇದ್ದಂಗಿದೆ ಎಂದು ಒಬ್ಬ ಬರೆದಿದ್ದ. 'ಯಾವ ಕಾಲದ ಅಜ್ಜಿ ಬರೆದಿದ್ದು ಗುರು ಇದು?' ಎಂದು ಕೇಳಿದ್ದ ಇನ್ನೊಬ್ಬ. ಅದಕ್ಕೆ ಉತ್ತರ ಕೊಡಬಲ್ಲವನು ಕೊಟ್ಟಿರಲಿಲ್ಲ.

ಎರಡು ಸಾವಿರದ ಎಂಟರ ಒಂದು ಮಧ್ಯಾಹ್ನ ಉದಯಕುಮಾರ ಹೇಳದೆ ಕೇಳದೆ ಬಂದ. ಸ್ವಲ್ಪ ದಪ್ಪಗಾಗಿದ್ದ, ಮುಖದಲ್ಲಿ ಎಳೆಬಿಸಿಲಿನಂಥ ಸಂತೋಷ. ಚಪ್ಪಲಿ ಬಿಡುತ್ತಲೇ ಯಂತ್ರ ತೆಗೆದ.

"ಆಂಟಿ, ಎರಡನೇ ಎಡಿಷನ್! ಒತ್ತು ಬಂತು! ಎರಡು ವರ್ಷ ಬಡಿದಾಡಿ ಸಾಲಿನ ಎತ್ತರಾನೇ ಬದಲಾಯಿಸಿದೀನಿ. ನೀವೇ ಫಸ್ಟ್ ನೋಡ್ಬೇಕು ಅಂತ ಕೆಂಗೇರಿಯಿಂದ ನೇರವಾಗಿ ಬಂದೆ."

ಅವನು ಮೊದಲು ತೋರಿಸಿದ್ದು ಕೊನೆಯ ಪುಟ. ಪುಟ್ಟ ಪರದೆಯ ಮೇಲೆ ಮಕಾರಕ್ಕೆ ಮಕಾರ ಒತ್ತಾಗಿ, ಸ್ಪಷ್ಟವಾಗಿ, ದುಂಡಗೆ ಮೂಡಿತ್ತು. ವಿಶೇಷ ಕೃತಜ್ಞತೆ: ದಾನಮ್ಮ ಟೀಚರ್.

ದಾನಮ್ಮ ಕನ್ನಡಕ ಸರಿಮಾಡಿಕೊಂಡು ಯಂತ್ರ ತೆಗೆದುಕೊಂಡಳು. ಮೊದಲಿಂದ ಆಡತೊಡಗಿದಳು. ಒಂದೊಂದು ಮಾತನ್ನೂ ಓದುತ್ತ, ನಿಧಾನವಾಗಿ. ದ್ವೀಪ, ಸಮುದ್ರ, ಕತ್ತಲೆ. ನನಗೆ ಗೊತ್ತಿಲ್ಲ. ಎಲ್ಲಿಗೆ ಹೋಗುತ್ತಿದ್ದೀಯ? ಬರುತ್ತೇನೆ.

"ನಾ ಬರದದ್ದು ಎಷ್ಟು ಉಳದೈತಿ ಇದರಾಗ?"

"ಅದೆಲ್ಲ ಚೇಂಜ್ ಮಾಡಿದೀವಿ ಆಂಟಿ. ಆನ್‌ಲೈನ್‌ನಲ್ಲಿ ನಾಲ್ಕು ಜನ ಫ್ರೆಂಡ್ಸ್ ಸೇರ್ಕೊಂಡು ಪೂರ್ತಿ ಹೊಸದಾಗಿ ಬರೆದ್ವಿ. ಆಗ ಒತ್ತಿರ್ಲಿಲ್ಲ, ವಿಧಿಯಿಲ್ದೇ ಆ ಥರ ಭಾಷೆ ಬಳಸಬೇಕಾಯ್ತು. ಈಗ ನ್ಯಾಚುರಲ್ ಆಗಿದೆ ಅಲ್ವಾ?"

ಅವಳು ಗುಂಡಿ ಒತ್ತಿ ಮುಂದೆ ಹೋದಳು. ಬೆಸ್ತ ಹುಡುಗನ ಓಲೆ ಬಂತು. ಅಮ್ಮಾ, ಎಂದು ಶುರುವಾಗಿತ್ತು. ಅದರಲ್ಲಿ ತಪ್ಪು ಹುಡುಕಿದಳು. ಸಿಗಲಿಲ್ಲ. ಇಪ್ಪತ್ತು ವರ್ಷದ ಮಗ ಹಾಗಲ್ಲದೆ ಇನ್ನು ಹೇಗೆ ಕರೆದಾನು? ಮೊದಲ ದಿನ ಅವಳೇ ಹಾಕಬೇಕೆಂದುಕೊಂಡಿದ್ದ ಮಾತು ಅದು. ಅವನು ಮಾಡಿದ್ದು ಸರಿಯಾಗಿಯೇ ಇತ್ತು. ಅದನ್ನೇ ಅವಳಿಗೆ ನುಂಗಿಕೊಳ್ಳಲಾಗಲಿಲ್ಲ.

ಯಂತ್ರವನ್ನು ಮೇಜಿನ ಮೇಲಿಟ್ಟಳು.

"ಚಂದ ಆಗೇತಿ ತಮ್ಮಾ. ನನ್ನ ಹೆಸರು ತೆಗಿ."

"ಯಾಕೆ ಆಂಟಿ? ಅದಕ್ಕೋಸ್ಕರಾನೇ ನಾನು..."

"ನಾ ಬರದಾಗ ನನ್ನ ಹೆಸರಿರಲಿಲ್ಲ. ಈಗ ಹೆಸರೈತಿ, ನಾ ಬರದದ್ದು ಒಂದೂ ಇಲ್ಲ. ಯಾವಾಕಿ ಈ ದಾನಮ್ಮ? ನನಗ ಗೊತ್ತಿಲ್ಲ. ತೆಗಿ."

ಉದಯಕುಮಾರನ ಕಣ್ಣು ತುಂಬಿ ಬಂದವು. ಅವನು ನಿಜಕ್ಕೂ ಎರಡು ವರ್ಷ ಇದಕ್ಕಾಗಿಯೇ ಕೂತಿದ್ದ. ಒಳಗಿನಿಂದ ಸಿದ್ದಬಸಪ್ಪ "ಚಾ ಕುಡದು ಹೋಗೋ" ಎಂದು ಕೂಗಿದ. ಹುಡುಗ ಯಂತ್ರವನ್ನು ಜೇಬಿಗೆ ಹಾಕಿಕೊಂಡು, ಬಗ್ಗಿ ಅವಳ ಕಾಲು ಮುಟ್ಟಿ, ಚಹ ಕುಡಿಯದೆ ಹೊರಟುಹೋದ. ದಾನಮ್ಮ ತಡೆಯಲಿಲ್ಲ. ಅವನು ಹೆಸರು ತೆಗೆದನೋ ಬಿಟ್ಟನೋ ಎಂದು ಮುಂದೆ ನೋಡಲೂ ಇಲ್ಲ.

ಯುಗಾದಿಗೆ, ದೀಪಾವಳಿಗೆ ಅವನು ತಪ್ಪದೆ ಫೋನು ಮಾಡುತ್ತಾನೆ. ಸಿದ್ದಬಸಪ್ಪ ಎತ್ತಿಕೊಂಡು ಮಳೆ, ಟ್ರಾಫಿಕ್ಕು, ಸೊಂಟನೋವು ಎಲ್ಲ ಮಾತಾಡುತ್ತಾನೆ. ಕೊನೆಗೆ ಫೋನನ್ನು ಹೆಂಡತಿಯ ಕಡೆ ಚಾಚುತ್ತಾನೆ. ದಾನಮ್ಮ ಕೈ ಒದ್ದೆಯಾಗಿದೆ ಎಂದು ಸನ್ನೆ ಮಾಡಿ ಒಳಗೆ ಹೋಗುತ್ತಾಳೆ.